ಮೇಷ್ಟ್ರು ಸಗಣಿ ಓದಿದ ದಿನ

ಟೀವಿಯಲ್ಲಿ ಪತ್ತೇದಾರಿ ಕತೆ ಬಂದ್ರೆ ನಮ್ಮ ಮೊಮ್ಮಕ್ಕಳು ನನ್ನನ್ನ ಕೂಗಿ ಕರೀತಾವೆ. ಅಜ್ಜಿಗೆ ಕಳ್ಳ ಯಾರು ಅಂತ ಮೊದಲೇ ಗೊತ್ತಾಗಿಬಿಡುತ್ತೆ ಅಂತ ಅವಕ್ಕೆ ಬಲು ನಂಬಿಕೆ. ನಾನೂ ಹೋಗಿ ಕೂರ್ತೀನಿ. ಅರ್ಧ ಕತೆ ಆಗೋಷ್ಟರಲ್ಲಿ ಹೇಳಿಯೂ ಬಿಡ್ತೀನಿ. ಆದ್ರೆ ಕೊನೇಲಿ ಆ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಸೇರಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು, "ಅಪರಾಧಿ ನಿಮ್ಮಲ್ಲೇ ಇದ್ದಾರೆ" ಅಂತ ಶುರು ಮಾಡ್ತಾನಲ್ಲ, ಆಗ ನನಗೆ ಕೂರಕ್ಕಾಗಲ್ಲ. ಕಿವಿ ಬಿಸಿಯಾಗುತ್ತೆ. ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಸುಳ್ಳು ಹೇಳಿ ಎದ್ದು ಒಳಗೆ ಹೋಗ್ತೀನಿ. ಹಾಲು ಫ್ರಿಜ್ಜಲ್ಲಿರುತ್ತೆ. ಮಕ್ಕಳು ನಗ್ತಾವೆ. ನಗಲಿ.

ಕನ್ನಡನಾಡು ಒಂದಾಗೋಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಊರು. ಸುತ್ತ ಗದ್ದೆ, ಮೂರು ಹೊತ್ತೂ ಅನ್ನ. ಕೊಟ್ಟಿದ್ದು ಪಿರಿಯಾಪಟ್ಟಣ ತಾಲ್ಲೂಕಿಗೆ, ಕಂಪಲಾಪುರದಿಂದ ನಡೆದು ಹೋಗಬೇಕಾದ ಒಂದು ಒಣ ಹಳ್ಳಿಗೆ. ಅಲ್ಲಿ ರಾಗಿ, ಹುರುಳಿ, ಹೊಗೆಸೊಪ್ಪು ಬಿಟ್ಟರೆ ಇನ್ನೊಂದಿಲ್ಲ. ನಮ್ಮ ಯಜಮಾನರು ಅದೇ ಊರಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು. ತಾಯಿ ಇಲ್ಲದ ಮಗಳು ಅಂತ ನಮ್ಮಪ್ಪ ಬಳುವಳಿಯಾಗಿ ಒಂದು ಹಸು ಕೊಟ್ಟಿದ್ರು. ಆ ಹಸುವಿನ ಜಂಬ ಏನು ಕೇಳ್ತೀರಿ! ರಾಗಿ ಹುಲ್ಲು ಹಾಕಿದ್ರೆ ಮೂಸಿ ನೋಡಿ ಮುಖ ತಿರುಗಿಸೋದು. ಕೊನೆಗೆ ಅಪ್ಪನೇ ವರ್ಷ ವರ್ಷ ಸುಗ್ಗಿ ಮುಗಿಸಿ ಒಂದು ಗಾಡಿ ಭತ್ತದ ಹುಲ್ಲು, ಅದೇ ನೆಲ್ಲು ಹುಲ್ಲು, ತಂದು ಹಾಕಿ ಹೋಗೋ ಹಂಗಾಯ್ತು.

"ನಿನ್ನ ಅಸ ಪಟೇಲ್ರ ಮಗ್ಳಿಗಿಂತ ಜಂಬದ್ದು ಕಣವ್ವ" ಅಂತ ನಮ್ಮತ್ತೆ ಗೊಣಗೋರು. ನಾನು ಒಳಗೊಳಗೇ ಉಬ್ಬೋಳು. ಒಂದಿನ ಬೆರಣಿ ತಟ್ತಾ ಯಜಮಾನರ ಹತ್ರ ಕೊಚ್ಚಿಕೊಂಡೆ: "ನಿಮ್ಮೂರ ಸಗಣಿ ಕಪ್ಪಗೆ ಬಣಗುಡುತ್ತೆ. ನಮ್ಮ ಹಸೂದು ನೋಡಿ, ಹಳದಿ. ಒಡೆದು ನೋಡಿದ್ರೆ ನೆಲ್ಲಿನ ಜೊಳ್ಳು ಚಿನ್ನದ ಹಂಗೆ ಹೊಳೆಯುತ್ತೆ." ಅವರು "ಹೌದಾ?" ಅಂತ ಬಗ್ಗಿ ನೋಡಿದ್ರು. ಈ ಬಾಯಿ ಅವತ್ತು ಸುಮ್ಮನಿರಬಾರದಿತ್ತು.

ಯಜಮಾನರು ಒಳ್ಳೆಯವರು. ಕುಡಿತ ಇಲ್ಲ, ಇಸ್ಪೀಟಿಲ್ಲ, ಹೊಡೆತ ಬಡಿತ ಇಲ್ಲ. ಇದ್ದಿದ್ದು ಪತ್ತೇದಾರಿ ಕಾದಂಬರಿಯ ಹುಚ್ಚೊಂದೇ. ಸ್ಕೂಲಿನ ಕೆಲಸ ಅಂತ ಹುಣಸೂರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಿಂದ ಒಂದು ಹೊಸದು ಬರೋದು. ರಟ್ಟಿನ ಮೇಲೆ ಹ್ಯಾಟು ಹಾಕಿದ ಗಂಡಸು, ಕೈಲಿ ಪಿಸ್ತೂಲು, ಹಿಂದೆ ಕಿರುಚ್ತಾ ನಿಂತ ಹೆಂಗಸು. ಆ ಪತ್ತೇದಾರ ಬೂಟಿನ ಗುರುತು ನೋಡಿ ಮನುಷ್ಯ ಎಷ್ಟುದ್ದ ಅಂತ ಹೇಳೋನು, ಸೇದಿ ಬಿಸಾಕಿದ ಸಿಗರೇಟು ನೋಡಿ ಎಡಚನೋ ಬಲಚನೋ ಅಂತ ಹೇಳೋನು. ನಮ್ಮೂರಲ್ಲಿ ಬೂಟು ಹಾಕೋರೂ ಇಲ್ಲ, ಸಿಗರೇಟು ಸೇದೋರೂ ಇಲ್ಲ. ನಮ್ಮ ಯಜಮಾನರಿಗೆ ಅದೇ ದೊಡ್ಡ ಕೊರಗು. ಆದ್ರೂ ಮೈಸೂರಿಂದ ಒಂದು ಭೂತಗನ್ನಡಿ ತರಿಸಿಕೊಂಡು ಜೇಬಲ್ಲಿ ಇಟ್ಟುಕೊಂಡು ಓಡಾಡೋರು. ಒಂದ್ಸಲ ಗಡಿಗೆಯಲ್ಲಿ ತುಪ್ಪ ಕಮ್ಮಿಯಾಗಿದೆ ಅಂತ ಗಡಿಗೆ ಮೇಲಿನ ಬೆರಳಿನ ಗುರುತು ನೋಡಿ, ಅವರಮ್ಮನೇ ಅಂತ ಕಂಡುಹಿಡಿದ್ರು. ಅತ್ತೆ ಸೌಟು ತಗೊಂಡು ಅಟ್ಟಿಸಿಕೊಂಡು ಬಂದ್ರು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡ್ಕೊಂಡಿತ್ತು.

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಜಗಲಿ ಮೇಲೆ ಕೂತು ಓದಿ ಹೇಳೋರು. ನಾನು ಹುರುಳಿ ಕೇರ್ತಾ ಕೇಳೋಳು. ಪಕ್ಕದ ಮನೆ ಹುಡುಗಿಯೊಬ್ಬಳು ತಪ್ಪದೆ ಬಂದು ನನ್ನ ಪಕ್ಕ ಕೂರೋಳು. ಅವಳಪ್ಪ ಪಟೇಲರ ಗಾಡಿ ಹೊಡೆಯೋ ಆಳು. ಮನೇಲಿ ಹಸುವಿಲ್ಲ, ಎಮ್ಮೆಯಿಲ್ಲ. ಅಂತರಸಂತೆ ಕಡೆ, ಕಾಕನಕೋಟೆ ಕಾಡಿನ ಅಂಚಿನ ಒಂದು ಹಳ್ಳಿಗೆ ಅವಳ ಮದುವೆ ಗೊತ್ತಾಗಿತ್ತು. ಹುಡುಗಿ ಕಿವಿಗೆ ಚಿನ್ನದ ಓಲೆ ಇಲ್ದೆ ಹೊಸಲು ದಾಟಿಸಲ್ಲ ಅಂತ ಗಂಡಿನ ತಾಯಿ ಹೇಳಿ ಕಳಿಸಿದ್ಲು. ಈ ಹುಡುಗಿ ಕಿವಿಯಲ್ಲಿ ಬೇವಿನ ಕಡ್ಡಿ. ಕತೆಯಲ್ಲಿ ಕಳ್ಳ ಸಿಕ್ಕಿಬಿದ್ದಾಗ ನಾನೂ ಯಜಮಾನರೂ ಚಪ್ಪಾಳೆ ಹೊಡೆಯೋಷ್ಟು ಖುಷಿಪಟ್ರೆ ಇವಳು ಮುಖ ಸಣ್ಣಗೆ ಮಾಡ್ಕೊಂಡು, "ಪಾಪ ಕಣಕ್ಕ. ಬುಟ್ಬುಡ್ಬೋದಾಗಿತ್ತು" ಅನ್ನೋಳು. ಬಿಟ್ಬಿಟ್ರೆ ಕತೆ ಮುಗಿಯೋದು ಹೆಂಗಮ್ಮ ಅಂತ ಯಜಮಾನರು ರೇಗಿಸೋರು.

ಕಾರ್ತೀಕದಲ್ಲಿ ಪಟೇಲರ ಮನೇಲಿ ಮೊಮ್ಮಗನ ನಾಮಕರಣ. ಊರಿನ ಹೆಂಗಸರೆಲ್ಲ ಅಡಿಗೆಗೆ, ಪಾತ್ರೆಗೆ ಅಂತ ಹೋಗಿದ್ವಿ. ಬಾಣಂತಿ ತಲೆ ಮೇಲೆ ನೀರು ಹಾಕಿಸಿಕೊಳ್ಳೋವಾಗ ಓಲೆ ಬಿಚ್ಚಿ ಬಚ್ಚಲ ಗೋಡೆಯ ಗೂಡಲ್ಲಿ ಇಟ್ಟಿದ್ಲಂತೆ. ಆಮೇಲೆ ನೋಡಿದ್ರೆ ಇಲ್ಲ. ಬೂದಿ ಕೆದಕಿದ್ದಾಯ್ತು, ಬಚ್ಚಲ ಮೋರಿ ಬಗೆದದ್ದಾಯ್ತು. ಸಂಜೆಗೆ ಪಟೇಲರು ಡಂಗುರ ಹೊಡೆಸಿದ್ರು: ನಾಳೆ ಬೆಳಿಗ್ಗೆ ಬಸವಣ್ಣನ ಗುಡಿ ಮುಂದೆ ಉಂಡೆ ಹಾಕಬೇಕು.

ಇದು ನಮ್ಮ ಕಡೆಯ ಹಳೇ ಪದ್ಧತಿ. ಊರಲ್ಲಿ ಒಡವೆ ವಸ್ತು ಕಳೆದ್ರೆ ಮನೆಗೊಬ್ಬರು ಒಂದೊಂದು ಸಗಣಿ ಉಂಡೆ ಕಟ್ಟಿಕೊಂಡು ಬಂದು ಗುಡಿ ಮುಂದಿನ ಮಂಕರಿ ಬುಟ್ಟಿಗೆ ಹಾಕಿ ಹೋಗಬೇಕು. ಹಾಕೋವಾಗ ಯಾರೂ ನೋಡಬಾರದು, ಎಲ್ಲರೂ ಬೆನ್ನು ತಿರುಗಿಸಿ ಕೂರಬೇಕು. ತೆಗೆದೋರು ಆ ಉಂಡೆಯೊಳಗೇ ವಸ್ತು ಹುದುಗಿಸಿ ಹಾಕ್ತಾರೆ. ಆಮೇಲೆ ಪಟೇಲರು ಉಂಡೆಗಳನ್ನ ಒಂದೊಂದಾಗಿ ನೀರಿನ ಕೊಳಗದಲ್ಲಿ ಒಡೀತಾರೆ. ವಸ್ತು ಸಿಕ್ತಾ, "ಬಸವಣ್ಣ ಕೊಟ್ಟ, ನಾವು ಇಸ್ಕಂಡೊ" ಅಂತ ಹೇಳಿ ಎದ್ದು ಹೋಗ್ತಾರೆ. ಯಾರು ಅಂತ ಯಾರೂ ಕೇಳೋ ಹಂಗಿಲ್ಲ. ಮನಸ್ಸಲ್ಲೂ ಲೆಕ್ಕ ಹಾಕಬಾರದು ಅನ್ನೋರು ನಮ್ಮತ್ತೆ. ದನ ಇಲ್ಲದ ಮನೆಯೋರು ನೆರೆಮನೆಯಿಂದ ಸಗಣಿ ಇಸ್ಕೊಳ್ಳೋರು.

ಮಾರನೇ ಬೆಳಿಗ್ಗೆ ನಾನು ಹಾಲು ಕರೀತಾ ಕೂತಿದ್ದೆ. ಪಕ್ಕದ ಮನೆ ಹುಡುಗಿ ಕೊಟ್ಟಿಗೆ ಬಾಗಿಲಿಗೆ ಬಂದು, "ಅಕ್ಕ, ಒಂದು ಉಂಡೆಗಾಗೋಷ್ಟು ಸಗ್ಣಿ ತಗತೀನಿ" ಅಂದ್ಲು. "ತಗಳೆ, ಅದಕ್ಕೇನು ಕೇಳ್ತೀಯ" ಅಂದೆ, ತಿರುಗಿಯೂ ನೋಡಲಿಲ್ಲ. ಆಮೇಲೆ ನಾನೂ ಒಂದು ಉಂಡೆ ಕಟ್ಟಿ ಹೋಗಿ ಹಾಕಿ ಬಂದೆ.

ಎಲ್ಲರೂ ಹಾಕಿದ ಮೇಲೆ ಊರು ಸೇರ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಟೇಲರು ಕೊಳಗದ ಮುಂದೆ ಕೂತು ಒಡೀತಾ ಹೋದ್ರು. ಒಂದು ಉಂಡೆ ಕೈಲಿ ಎರಡಾಯ್ತು, ಒಳಗಿಂದ ಓಲೆ ಜೋಡಿ ನೀರಿಗೆ ಬಿತ್ತು. "ಬಸವಣ್ಣ ಕೊಟ್ಟ..." ಅಂತ ಪಟೇಲರು ಶುರು ಮಾಡಿದ್ರು, ಅಷ್ಟರಲ್ಲಿ ನಮ್ಮ ಯಜಮಾನರು ಗುಂಪಿಂದ ಎದ್ದು ಬಂದ್ರು.

"ತಡೀರಿ, ತಡೀರಿ! ಆ ಉಂಡೆ ನೀರಿಗೆ ಹಾಕಬೇಡಿ!"

ಪಟೇಲರ ಕೈಯಿಂದ ಸಗಣಿ ಇಸ್ಕೊಂಡ್ರು. ಜೇಬಿಂದ ಭೂತಗನ್ನಡಿ ತೆಗೆದ್ರು. ಬಿಸಿಲಿಗೆ ಹಿಡಿದು, ಮೂಗಿನ ಹತ್ರ ತಂದು, ತಿರುಗಿಸಿ ತಿರುಗಿಸಿ ನೋಡಿದ್ರು. ಗಂಡಸರಲ್ಲೊಬ್ಬ, "ಮೇಷ್ಟ್ರು ಸಗ್ಣಿ ಓದ್ತಾವ್ರೆ ಕಣ್ಲಾ!" ಅಂದ. ಎಲ್ಲರೂ ಗೊಳ್ಳಂತ ನಕ್ಕರು.

"ಬುಡಿ ಮೇಷ್ಟ್ರೆ, ಸಿಕ್ತಲ್ಲ. ಅಂಗೆಲ್ಲ ನೋಡಬಾರದು" ಅಂದ್ರು ಪಟೇಲರು.

ಇವರು ಬಿಡಬೇಕಲ್ಲ! ಎಷ್ಟು ವರ್ಷ ಕಾದಿದ್ರೋ ಅಂಥ ಒಂದು ಗಳಿಗೆಗೆ. ಗಾಜು ಹಿಡಿದ ಕೈ ಬೆನ್ನ ಹಿಂದಕ್ಕೆ ಇಟ್ಟುಕೊಂಡು, ಗಂಟಲು ಸರಿ ಮಾಡ್ಕೊಂಡು, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದ್ರು. "ಮಹಾಜನಗಳೇ, ಇದು ರಾಗಿ ಹುಲ್ಲು ತಿಂದ ದನದ ಸಗಣಿಯಲ್ಲ. ಬಣ್ಣ ಗಮನಿಸಿ, ಹಳದಿ. ಇಲ್ಲಿ ಹೊಳೆಯುತ್ತಿರುವುದು ನೆಲ್ಲಿನ ಜೊಳ್ಳು. ಅಂದರೆ ಈ ಉಂಡೆ ಬಂದದ್ದು ನೆಲ್ಲು ಹುಲ್ಲು ಹಾಕುವ ಕೊಟ್ಟಿಗೆಯಿಂದ. ನಮ್ಮ ಊರಿನಲ್ಲಿ ನೆಲ್ಲು ಹುಲ್ಲು ಇರುವುದು..."

ಅಲ್ಲಿಗೆ ಮಾತು ನಿಂತೋಯ್ತು.

ನಿಜ ಹೇಳ್ತೀನಿ. ಅವರು ಹಳದಿ ಅಂದಾಗ, ಜೊಳ್ಳು ಅಂದಾಗ, ನನಗೆ ಹೆಮ್ಮೆಯಾಯ್ತು. ನಾನು ಹೇಳಿಕೊಟ್ಟಿದ್ದನ್ನ ಊರ ಮುಂದೆ ಹೆಂಗೆ ಹೇಳ್ತಿದ್ದಾರೆ ನೋಡಿ ಅಂತ ಪಕ್ಕದಲ್ಲಿ ಕೂತಿದ್ದ ಹೆಂಗಸನ್ನ ಮೊಳಕೈಯಲ್ಲಿ ತಿವಿಯಕ್ಕೂ ಹೋದೆ. ಅವಳು ಆಗಲೇ ದೂರ ಸರಿದಿದ್ದಳು. ತಲೆ ಎತ್ತಿ ನೋಡಿದ್ರೆ ಊರಿಗೆ ಊರೇ ನನ್ನ ಕಡೆ ನೋಡ್ತಿದೆ. ಯಜಮಾನರೂ ನೋಡ್ತಿದ್ದಾರೆ, ಕೈಲಿ ಸಗಣಿ, ಇನ್ನೊಂದು ಕೈಲಿ ಗಾಜು. ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಹೆಂಗಸರ ಗುಂಪಿನ ಹಿಂದೆ ಪಕ್ಕದ ಮನೆ ಹುಡುಗಿ ಕಂಬ ಹಿಡ್ಕೊಂಡು ನಿಂತಿದ್ಲು. ಅವಳ ಮುಖ ನೋಡಿದ ಕೂಡಲೇ ನನಗೆ ಬೆಳಗಿನ ಕೊಟ್ಟಿಗೆ ನೆನಪಾಯ್ತು.

ಬಾಯಿ ತೆಗೆದಿದ್ರೆ ಒಂದೇ ಮಾತು. ನಾನಲ್ಲ, ಅವಳು ಅಂತ. ಅವಳ ಕಣ್ಣು ನನ್ನ ಬಾಯನ್ನೇ ನೋಡ್ತಿತ್ತು. ಆ ಮಾತು ಆಚೆ ಬಂದಿದ್ರೆ ಅಂತರಸಂತೆಯ ಗಂಡೂ ಇಲ್ಲ, ಇನ್ಯಾವ ಗಂಡೂ ಇಲ್ಲ. ಅವಳಪ್ಪನಿಗೆ ಪಟೇಲರ ಗಾಡಿಯೂ ಇಲ್ಲ. ಆ ಮಾತು ಆಡದೆ ತಲೆ ಬಗ್ಗಿಸಿದೆ. ದೊಡ್ಡ ಮನಸ್ಸಿಂದ ನುಂಗಿಕೊಂಡೆ ಅಂತ ತಿಳೀಬೇಡಿ. ಏನು ಮಾಡಬೇಕು ಅಂತ ತೋಚಲಿಲ್ಲ, ಅಷ್ಟೇ. ಪಟೇಲರು ಎದ್ದು, "ಆಯ್ತು ನಡೀರಿ ನಡೀರಿ, ಬಸವಣ್ಣ ಕೊಟ್ಟ" ಅಂತ ಜನರನ್ನ ಚದುರಿಸಿದ್ರು.

ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ ಮಂಗಳಾರತಿ ಎತ್ತಿದ್ರು. "ಉಂಡೆ ಒಡ್ದಾಗ ಬಾಯಿ ಮುಚ್ಕಂಡಿರಬೇಕು ಅಂತ ನಿಂಗೆ ಗೊತ್ತಿರ್ಲಿಲ್ವೇನ್ಲಾ? ಮನೆ ಮಾನ ತೆಗೆದು ಮಂಕರಿಗೆ ಹಾಕ್ದಲ್ಲೊ!" ಇವರು ಅಲ್ಲಿಂದ ಎದ್ದರು. ಅಡಿಗೆ ಮನೆಗೆ ಬಂದು, ನನ್ನ ಹಿಂದೆ ನಿಂತು, ಮೆತ್ತಗೆ ಕೇಳಿದ್ರು:

"ನೀನೇನಾ?"

ಅಷ್ಟೆಲ್ಲ ಕಾದಂಬರಿ ಓದಿದ ಮನುಷ್ಯ ಕಟ್ಟಿಕೊಂಡ ಹೆಂಡತಿಯನ್ನ ಕೇಳಿದ ಪ್ರಶ್ನೆ ಇದು. ಮೈಯೆಲ್ಲ ಉರಿದುಹೋಯ್ತು. ಇಲ್ಲ ಅನ್ನಬಹುದಿತ್ತು. ಅಂದ್ರೆ ಮುಂದಿನ ಪ್ರಶ್ನೆ ಬರೋದು, ಹಂಗಾದ್ರೆ ಯಾರು ಅಂತ. ಆ ಭೂತಗನ್ನಡಿ ಹಿಡ್ಕೊಂಡು ನೇರ ಪಕ್ಕದ ಮನೆಗೇ ಹೋಗೋರು. "ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆ ನೋಡ್ಕೊಳಿ ಹೋಗಿ" ಅಂತ ಹೇಳಿ ಪಾತ್ರೆ ಕುಕ್ಕಿದೆ. ಅದನ್ನೇ ಅವರು ಒಪ್ಪಿಗೆ ಅಂದ್ಕೊಂಡ್ರು.

ಆಮೇಲಿನ ದಿನಗಳು ಯಾರಿಗೂ ಬೇಡ. ಬಾವಿಗೆ ಹೋದ್ರೆ ಮಾತು ನಿಂತೋಗೋದು. ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದಾಗ ಮನೆಯಾಕೆ ನಗ್ತಾ ನಗ್ತಾನೇ ನನ್ನ ಮುಂದಿದ್ದ ಬೆಳ್ಳಿ ಬಟ್ಟಲು ತೆಗೆದು ಆ ಕಡೆ ಇಟ್ಟಳು. ಆ ನಗು ನೋಡಿ ನಾನೂ ನಕ್ಕೆ. ಯಾಕೆ ನಕ್ಕೆನೋ, ಥೂ! ಈಗಲೂ ನೆನೆಸಿಕೊಂಡ್ರೆ ನನ್ನ ಮೇಲೇ ಅಸಹ್ಯ ಆಗುತ್ತೆ. ಹುಡುಗಿ ನಮ್ಮ ಜಗಲಿಗೆ ಬರೋದು ಬಿಟ್ಟಳು. ಯಜಮಾನರೂ ಓದಿ ಹೇಳೋದು ಬಿಟ್ಟರು. ಕೊಟ್ಟಿಗೆಗೆ ಸಗಣಿ ಕೇಳಿಕೊಂಡು ಯಾರೂ ಬರಲಿಲ್ಲ.

ಸುಗ್ಗಿ ಮುಗೀತು. ಅಪ್ಪ ಹುಲ್ಲಿನ ಗಾಡಿ ಹೊಡ್ಕೊಂಡು ಬಂದ್ರು. ಪ್ರತಿ ವರ್ಷ ಊರ ತಿರುವಿನಿಂದಲೇ "ಅವ್ವಾ!" ಅಂತ ಕೂಗೋರು, ಆ ವರ್ಷ ಕೂಗಲಿಲ್ಲ. ಕಂಪಲಾಪುರದಲ್ಲಿ ಎತ್ತಿಗೆ ನೀರು ಕುಡಿಸೋಕೆ ನಿಂತಿದ್ರಂತೆ, ಅಲ್ಲಿ ಯಾರೋ ಹೇಳಿದ್ರಂತೆ. ಜಗಲಿ ಮೇಲೆ ಕೂರಲಿಲ್ಲ. ಊಟಕ್ಕೆ ಬನ್ನಿ ಅಂದ್ರೆ ನೀರು ಸಾಕು ಅಂದ್ರು. ಹುಲ್ಲೆಲ್ಲ ಒಟ್ಟಿ ಆದ ಮೇಲೆ ಕೊಟ್ಟಿಗೆಗೆ ಕರೆದು, ಪಂಚೆಯ ಗಂಟು ಬಿಚ್ಚಿ, ನಮ್ಮವ್ವನ ಓಲೆ ತೆಗೆದ್ರು.

"ನಿಂಗೆ ಓಲೆ ಆಸೆ ಇತ್ತು ಅಂತ ನಂಗೊಂದು ಮಾತು ಯೋಳ್ಬಾರ್ದಾಗಿತ್ತಾ ಅವ್ವಾ? ನಿಮ್ಮವ್ವಂದು ಇತ್ತಲ್ಲ."

ಗೋಡೆಯಾಚೆ ಪಕ್ಕದ ಮನೇಲಿ ಮದುವೆಗೆ ಅಂತ ಅಕ್ಕಿ ಕುಟ್ಟೋ ಸದ್ದು ಕೇಳ್ತಿತ್ತು. ಕುಟ್ತಾ ಇದ್ದದ್ದು ಅವಳೇ. ಮದುವೆಗೆ ಇನ್ನು ಕೆಲವೇ ದಿನ. ಅಪ್ಪನ ಸಿಟ್ಟು ನನಗೆ ಗೊತ್ತು. ನಾನಲ್ಲಪ್ಪ ಅಂದಿದ್ರೆ, ಯಾರು ಅಂತ ಹೇಳಿಸಿಕೊಂಡು, ಅಲ್ಲಿಂದಲೇ ಪಟೇಲರ ಮನೆ ಮುಂದೆ ನಿಂತು ಊರು ಎದ್ದೇಳೋ ಹಂಗೆ ಕೂಗಾಡೋರು. ಮದುವೆ ಆಗಿಹೋಗಲಿ, ಯುಗಾದಿಗೆ ತೌರಿಗೆ ಹೋಗ್ತೀನಲ್ಲ, ಅಲ್ಲಿ ಕೂತು ನಿಧಾನಕ್ಕೆ ಹೇಳೋಣ ಅಂದ್ಕೊಂಡೆ. "ಬ್ಯಾಡಪ್ಪ" ಅಂತ ಮಾತ್ರ ಅಂದೆ. ಅವರು ನನ್ನ ಅಂಗೈ ಬಿಡಿಸಿ ಓಲೆ ಇಟ್ಟು ಮುಚ್ಚಿದ್ರು.

"ಇಕ್ಕಂಡಿರು. ಇನ್ನೊಬ್ರ ಮನೇದು ಮುಟ್ಬ್ಯಾಡ ಕಣವ್ವ."

ಅಂದು, ನನ್ನ ಮುಖ ನೋಡದೆ ಗಾಡಿ ಹತ್ತಿದ್ರು. ಯಾವಾಗಲೂ ಒಂದು ರಾತ್ರಿ ಉಳಿದು ಹೋಗೋರು, ಅವತ್ತು ಉಳಿಯಲಿಲ್ಲ.

ಶಿವರಾತ್ರಿಗೆ ಮುಂಚೆ ಹುಡುಗಿ ಮದುವೆ ಆಯ್ತು. ಅವಳ ಕಿವಿಯಲ್ಲಿ ಓಲೆ ಇತ್ತು. ನಮ್ಮ ಗಾಡಿ ಹೊಡೆಯೋನ ಮಗಳು ಅಂತ ಪಟೇಲರೇ ಮಾಡಿಸಿ ಕೊಟ್ಟರಂತೆ. ಅಯ್ಯೋ, ಕೇಳಿದ್ರೆ ಸಾಕಿತ್ತಲ್ಲೇ ಅಂತ ನನಗೆ ಅನ್ನಿಸ್ತು. ಹಾಕ್ಕೊಂಡು ನೋಡಕ್ಕೆ ತೆಗೆದಿದ್ಲೋ, ಇಟ್ಕೊಳ್ಳಕ್ಕೆ ತೆಗೆದಿದ್ಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರ ಕಾಲಿಗೂ ಬಿದ್ದ ಹಂಗೆ ನನ್ನ ಕಾಲಿಗೂ ಬಿದ್ದಳು, ಮುಖ ಎತ್ತಲಿಲ್ಲ. ಒಂದು ಸಲ ಜೋರಾಗಿ ಚಿವುಟಿಬಿಡೋಣ ಅನ್ನಿಸ್ತು. ತಲೆ ಮೇಲೆ ಕೈಯಿಟ್ಟು ಅಕ್ಷತೆ ಹಾಕಿದೆ. ಗಾಡಿ ಹತ್ತಿ ಕಾಡಿನ ಕಡೆ ಹೋದಳು, ಮತ್ತೆ ನಾನು ಅವಳನ್ನ ನೋಡಲಿಲ್ಲ.

ಯುಗಾದಿಗೆ ಇನ್ನೂ ವಾರ ಇರೋವಾಗ ತೌರಿಂದ ಆಳು ಬಂದ. ಅಪ್ಪ ಗದ್ದೆ ಬದುವಿನ ಮೇಲೆ ಕೂತೋರು ಏಳಲಿಲ್ಲವಂತೆ. ನಾನು ಹೋಗೋ ಹೊತ್ತಿಗೆ ಗದ್ದುಗೆ ಮೇಲೆ ಕೂರಿಸಿದ್ರು, ಹಣೆ ತುಂಬ ವಿಭೂತಿ. ಕಿವಿಯ ಹತ್ರ ಬಗ್ಗಿ ಹೇಳಿದೆ. ನಾನಲ್ಲ ಕಣಪ್ಪ, ಆ ಹುಡುಗಿ ಕಣಪ್ಪ ಅಂತ. ಮಗಳು ಸಂಕಟಕ್ಕೆ ಏನೋ ಗೊಣಗ್ತಾವಳೆ ಅಂತ ಯಾರೋ ನನ್ನ ರಟ್ಟೆ ಹಿಡಿದು ಎಬ್ಬಿಸಿದ್ರು.

ಆ ವರ್ಷ ಮಳೆ ಶುರುವಾದ ಮೇಲೆ ಊರಲ್ಲಿ ಇನ್ನೊಬ್ಬರ ಮನೆ ಬೆಳ್ಳಿ ಉಡಿದಾರ ಕಳೀತು. ಮತ್ತೆ ಡಂಗುರ, ಮತ್ತೆ ಮಂಕರಿ. ಪಟೇಲರು ಕೊನೇ ಉಂಡೆವರೆಗೂ ಒಡೆದ್ರು. ಎಲ್ಲದರಲ್ಲೂ ಬರೀ ಸಗಣಿ. ಒಡೆದು ಮುಗಿದ ಮೇಲೆ ಯಾರೂ ಮೇಷ್ಟ್ರ ಮುಖ ನೋಡಲಿಲ್ಲ, ಆದ್ರೆ ಎಲ್ಲರಿಗೂ ಅರ್ಥವಾಗಿತ್ತು. ಉಂಡೆ ಓದೋರು ಇರೋ ಊರಲ್ಲಿ ಯಾರು ತಂದು ಹಾಕ್ತಾರೆ? ಎರಡು ದಿನಕ್ಕೆ ಪೊಲೀಸರು ಬಂದ್ರು. ಸಿಕ್ಕ ಇಬ್ಬರು ಕೂಲಿಯವರನ್ನ ಗುಡಿ ಮುಂದೆಯೇ ಹೊಡೆದ್ರು. ಉಡಿದಾರ ಸಿಗಲಿಲ್ಲ. ನಮ್ಮೂರಲ್ಲಿ ಆಮೇಲೆ ಉಂಡೆ ಹಾಕಿದ್ದೇ ಇಲ್ಲ.

ಅದನ್ನ ನೋಡಿಕೊಂಡು ಯಜಮಾನರು ಸಂಜೆ ಮನೆಗೆ ಬಂದ್ರು. ಜಗಲಿ ಮೇಲೆ ಕೂತು, ಕೈಲಿ ಭೂತಗನ್ನಡಿ ತಿರುಗಿಸ್ತಾ ಇದ್ರು. ನಾನು ಮೊರ ಹಿಡ್ಕೊಂಡು ಕೂತಿದ್ದೆ. ಆಮೇಲೆ ಇದ್ದಕ್ಕಿದ್ದ ಹಂಗೆ ತಲೆ ಎತ್ತಿದ್ರು.

"ಅವತ್ತು ಬೆಳಿಗ್ಗೆ ನಮ್ಮ ಕೊಟ್ಟಿಗೆಯಿಂದ ಯಾರಾದ್ರೂ ಸಗಣಿ ಇಸ್ಕೊಂಡು ಹೋಗಿದ್ರಾ?"

ನಾನು ಮೊರ ಕೆಳಗಿಟ್ಟೆ.

"ಈ ಮಾತನ್ನ ನಮ್ಮಪ್ಪ ಇದ್ದಾಗ ಕೇಳಬೇಕಾಗಿತ್ತು ಕಣ್ರೀ" ಅಂದೆ.

ಅವರ ಮುಖ ನೋಡಕ್ಕಾಗಲಿಲ್ಲ ನನಗೆ. ಹಸು ಕೂಗ್ತಿತ್ತು. ಅಪ್ಪ ತಂದಿದ್ದ ನೆಲ್ಲು ಹುಲ್ಲು ಆಗಲೇ ಮುಗಿದಿತ್ತು. ಎದ್ದು ಹೋಗಿ ರಾಗಿ ಹುಲ್ಲು ಹಾಕಿದೆ, ತಿಂತು.